ಮಕ್ಕಳ ಆಟಕ್ಕೆಂದು ರೂಟರ್‌ನಲ್ಲಿ ಡಿಎಂಜೆಡ್ ಆನ್ ಮಾಡಬೇಡಿ

ಹೋದ ವರ್ಷ ದಸರಾ ರಜೆಯಲ್ಲಿ ನಮ್ಮ ಮನೆಯ ಕಂಪ್ಯೂಟರ್‌ನಲ್ಲಿದ್ದ ಫೈಲುಗಳೆಲ್ಲ ಒಂದೇ ರಾತ್ರಿಯಲ್ಲಿ ಲಾಕ್ ಆದವು. ಹೆಂಡತಿಯ ಹೊಲಿಗೆ ಅಂಗಡಿಯ ಆರು ವರ್ಷದ ಲೆಕ್ಕ ಹೋಯಿತು. ಮಕ್ಕಳ ಫೋಟೋಗಳು ಹೋದವು. ತೀರಿಹೋದ ಅಮ್ಮ ಹಾಡಿದ್ದ ಹನ್ನೊಂದು ಸೋಬಾನೆ ಪದಗಳ ರೆಕಾರ್ಡಿಂಗೂ ಹೋಯಿತು. ಮಗನ ಆಟಕ್ಕೆಂದು ನಾನು ರೂಟರ್‌ನಲ್ಲಿ ಆನ್ ಮಾಡಿದ ಡಿಎಂಜೆಡ್ ಎಂಬ ಒಂದು ಸೆಟ್ಟಿಂಗ್‌ನಿಂದ ಇಷ್ಟೆಲ್ಲ ಆಯಿತು. ಅದೇ ಸೆಟ್ಟಿಂಗ್ ಆನ್ ಮಾಡಿ ಎಂದು ಹೇಳುವ ವಿಡಿಯೋಗಳು ಈಗಲೂ ಸಿಗುತ್ತವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಶಿವಮೊಗ್ಗದಲ್ಲಿ. ಮಗನಿಗೆ ಹದಿಮೂರು ವರ್ಷ. ಹುಬ್ಬಳ್ಳಿಯಲ್ಲಿ ನಮ್ಮ ಅಕ್ಕನ ಮಗ, ಬೆಂಗಳೂರಿನಲ್ಲಿ ಭಾವಮೈದುನನ ಮಗಳು ಇದ್ದಾರೆ. ರಜೆಯಲ್ಲಿ ಮೂವರೂ ಸೇರಿ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲಿ ಒಂದು ಊರು ಕಟ್ಟಬೇಕು ಎಂದು ಮಾತಾಡಿಕೊಂಡಿದ್ದರು. ಅದಕ್ಕೆ ಯಾರಾದರೊಬ್ಬರ ಮನೆಯಲ್ಲಿ ಸರ್ವರ್, ಅಂದರೆ ಎಲ್ಲರೂ ಬಂದು ಸೇರುವ ಆಟದ ಕೇಂದ್ರ, ಓಡಬೇಕು. ನಮ್ಮ ಹಾಲ್‌ನಲ್ಲಿದ್ದ ಕಂಪ್ಯೂಟರ್ ಸ್ವಲ್ಪ ಗಟ್ಟಿಮುಟ್ಟಾಗಿತ್ತು. "ನಮ್ಮನೇಲೇ ಮಾಡೋಣ ಅಪ್ಪ" ಎಂದ. ನಾನೂ ಖುಷಿಯಿಂದ ಒಪ್ಪಿದೆ.

ಮೊದಲ ತೊಡಕು ಐಪಿ ವಿಳಾಸದ್ದು, ಅಂದರೆ ನೆಟ್‌ವರ್ಕ್‌ನಲ್ಲಿ ಪ್ರತಿ ಯಂತ್ರಕ್ಕಿರುವ ಸಂಖ್ಯೆಯದ್ದು. ಇದನ್ನು ಮೊದಲೇ ತಿಳಿದುಕೊಂಡರೆ ನಿಮ್ಮ ಅರ್ಧ ದಿನ ಉಳಿಯುತ್ತದೆ. ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಹೊರಗಿನ ಇಂಟರ್ನೆಟ್ ಕಡೆಯ ವಿಳಾಸ) ಎಂದು ಒಂದು ಸಾಲು ಇರುತ್ತದೆ. ಅಲ್ಲಿ ಕಾಣುವ ಸಂಖ್ಯೆ 100.64 ರಿಂದ 100.127 ರೊಳಗೆ ಶುರುವಾದರೆ, ಇಂಟರ್ನೆಟ್ ಕಂಪನಿ ಒಂದೇ ಹೊರ ವಿಳಾಸವನ್ನು ಬಹಳ ಮನೆಗಳಿಗೆ ಹಂಚಿಕೊಟ್ಟಿದೆ ಎಂದರ್ಥ. ಆಗ ನಿಮ್ಮ ರೂಟರ್‌ನಲ್ಲಿ ಏನೇ ತಿಪ್ಪರಲಾಗ ಹಾಕಿದರೂ ಹೊರಗಿನವರು ಒಳಗೆ ಬರಲು ಆಗುವುದಿಲ್ಲ. 192.168 ಅಥವಾ 10 ರಿಂದ ಶುರುವಾಗಿದ್ದರೆ ನಿಮ್ಮ ರೂಟರ್‌ನ ಮುಂದೆ ಇನ್ನೊಂದು ರೂಟರ್ ಇದೆ. ಎಷ್ಟೋ ಮನೆಗಳಲ್ಲಿ ಫೈಬರ್ ಡಬ್ಬಿಯೇ ಆ ಇನ್ನೊಂದು ರೂಟರ್. ನಮ್ಮಲ್ಲಿ ಹಂಚಿಕೆಯ ವಿಳಾಸ ಇತ್ತು. ಆಪರೇಟರ್‌ಗೆ ಫೋನ್ ಮಾಡಿದೆ. ತಿಂಗಳಿಗೆ ಇಷ್ಟು ಎಂದು ಹೆಚ್ಚಿಗೆ ದುಡ್ಡು ತೆಗೆದುಕೊಂಡು ನಮ್ಮದೇ ಆದ, ಬದಲಾಗದ ಸ್ಟ್ಯಾಟಿಕ್ ಐಪಿ ಕೊಟ್ಟರು. ಆ ಹಂಚಿಕೆ ಇಷ್ಟು ದಿನ ನಮ್ಮನ್ನು ಕಾಯುತ್ತಲೂ ಇತ್ತು ಅನ್ನುವುದು ಆಗ ನನಗೆ ಹೊಳೆಯಲಿಲ್ಲ.

ಶುಕ್ರವಾರ ಸಂಜೆ ಪೋರ್ಟ್ ಫಾರ್ವರ್ಡಿಂಗ್ ಮಾಡಿದೆ. ಪೋರ್ಟ್ ಅಂದರೆ ಕಂಪ್ಯೂಟರ್‌ನ ಒಂದೊಂದು ಕೆಲಸಕ್ಕೆ ಇರುವ ನಂಬರ್ ಹಾಕಿದ ಬಾಗಿಲು. ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯ ಪೋರ್ಟ್ 25565, ಟಿಸಿಪಿ. ಮೊಬೈಲ್‌ನಲ್ಲಿ ಆಡುವ ಬೆಡ್‌ರಾಕ್ ಆವೃತ್ತಿಗೆ 19132, ಯುಡಿಪಿ. (ಟಿಸಿಪಿ, ಯುಡಿಪಿ ಅಂದರೆ ಮಾಹಿತಿ ಸಾಗಿಸುವ ಎರಡು ಬಗೆ.) ನಮ್ಮದು ಜಾವಾ. ಆ ಒಂದು ಪೋರ್ಟ್‌ಗೆ ಬಂದದ್ದನ್ನು 192.168.1.7 ಕ್ಕೆ, ಅಂದರೆ ಹಾಲ್ ಕಂಪ್ಯೂಟರ್‌ಗೆ ಕಳಿಸು ಎಂದು ರೂಟರ್‌ಗೆ ಹೇಳಿದೆ. ಎಲ್ಲ ಸರಿಯಾಯಿತು. ರಾತ್ರಿ ಹನ್ನೊಂದರವರೆಗೆ ಮೂರು ಮಕ್ಕಳೂ ನಗುತ್ತಾ ಆಡಿದರು.

ಶನಿವಾರ ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಆಮೇಲೆ ಯಾರಿಗೂ ಕನೆಕ್ಟ್ ಆಗಲಿಲ್ಲ. ರೂಟರ್ ಮತ್ತೆ ಆನ್ ಆದಾಗ ಯಾರದೋ ಫೋನ್ ಮೊದಲು ಬಂದು 7ನೇ ನಂಬರ್ ತೆಗೆದುಕೊಂಡಿತ್ತು. ಕಂಪ್ಯೂಟರ್‌ಗೆ 192.168.1.5 ಸಿಕ್ಕಿತ್ತು. ನನ್ನ ನಿಯಮ ಮಾತ್ರ 7ನ್ನೇ ಹುಡುಕುತ್ತಿತ್ತು. ಇದು ನನಗೆ ಗೊತ್ತಾದದ್ದು ವಾರದ ನಂತರ. ಮನೆಯ ಯಂತ್ರಗಳಿಗೆ ರೂಟರ್ ನಂಬರ್ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಅಡ್ರೆಸ್ ರಿಸರ್ವೇಶನ್ ಎಂದು ಇರುತ್ತದೆ. ಅಲ್ಲಿ ಒಂದು ಸಾಲು ತುಂಬಿದ್ದರೆ ಕಂಪ್ಯೂಟರ್‌ಗೆ ಯಾವಾಗಲೂ ಅದೇ ನಂಬರ್ ಸಿಗುತ್ತಿತ್ತು. ಎರಡು ನಿಮಿಷದ ಕೆಲಸ.

ನಾನು ಅದರ ಬದಲು ವಿಡಿಯೋ ನೋಡಿದೆ. "ಪೋರ್ಟ್ ಫಾರ್ವರ್ಡಿಂಗ್ ಕೆಲಸ ಮಾಡದಿದ್ದರೆ ಡಿಎಂಜೆಡ್ ಆನ್ ಮಾಡಿ, ವಿಂಡೋಸ್ ಫೈರ್‌ವಾಲ್ ಆಫ್ ಮಾಡಿ, ನೂರಕ್ಕೆ ನೂರು ಆಗುತ್ತದೆ" ಎಂದಿತ್ತು. ಮಕ್ಕಳು ಫೋನ್‌ನಲ್ಲಿ ಕಾಯುತ್ತಿದ್ದರು. ಹಳೆಯ ಫಾರ್ವರ್ಡಿಂಗ್ ನಿಯಮ ಅಳಿಸಿ, ಡಿಎಂಜೆಡ್‌ನಲ್ಲಿ ಕಂಪ್ಯೂಟರ್‌ನ ಹೊಸ ನಂಬರ್ ಹಾಕಿ ಸೇವ್ ಒತ್ತಿದೆ. ಹೊರಗಿನಿಂದ ಬರುವುದನ್ನು ತಡೆಯುವ ಫೈರ್‌ವಾಲ್ ಆಫ್ ಮಾಡಿದೆ. ತಕ್ಷಣ ಕನೆಕ್ಟ್ ಆಯಿತು. ಆಗಲೇಬೇಕಲ್ಲ, ಕನೆಕ್ಟ್ ಆಗದೆ ಇರಲು ಇನ್ನು ಯಾವ ಅಡ್ಡಿಯೂ ಉಳಿದಿರಲಿಲ್ಲ.

ಡಿಎಂಜೆಡ್ ಅಂದರೆ ಏನು ಎಂದು ಸರಿಯಾಗಿ ಹೇಳುತ್ತೇನೆ. ಪೋರ್ಟ್ ಫಾರ್ವರ್ಡಿಂಗ್ ಅಂದರೆ ಮನೆಯ ಒಂದು ಕಿಟಕಿ ತೆಗೆದ ಹಾಗೆ. ಒಂದು ಕಂಪ್ಯೂಟರ್‌ನಲ್ಲಿ 65,535 ಪೋರ್ಟ್‌ಗಳಿವೆ. ಡಿಎಂಜೆಡ್ ಆನ್ ಮಾಡಿದರೆ, ಬೇರೆ ನಿಯಮ ಇಲ್ಲದ ಅಷ್ಟೂ ಪೋರ್ಟ್‌ಗಳಿಗೆ ಹೊರಗಿನಿಂದ ಬಂದದ್ದೆಲ್ಲ ನೇರವಾಗಿ ಆ ಕಂಪ್ಯೂಟರ್‌ಗೆ ಹೋಗುತ್ತದೆ. ದೊಡ್ಡ ಆಫೀಸುಗಳಲ್ಲಿ ಡಿಎಂಜೆಡ್ ಎಂದರೆ ಒಳಗಿನ ನೆಟ್‌ವರ್ಕ್‌ನಿಂದ ಬೇರ್ಪಡಿಸಿದ, ನಡುವೆ ಫೈರ್‌ವಾಲ್ ಇರುವ ಜಾಗ. ಮನೆಯ ರೂಟರ್‌ನಲ್ಲಿ ಸಾಮಾನ್ಯವಾಗಿ ಆ ಬೇಲಿ ಇರುವುದಿಲ್ಲ, ಹೆಸರು ಮಾತ್ರ ಅದೇ. ಆ ಕಂಪ್ಯೂಟರ್ ಉಳಿದ ಫೋನು, ಟಿವಿ, ಲ್ಯಾಪ್‌ಟಾಪ್‌ಗಳ ಜೊತೆಯಲ್ಲೇ ಇರುತ್ತದೆ. ಅದಕ್ಕೆ ನುಗ್ಗಿದವನಿಗೆ ಇಡೀ ಮನೆ ಸಿಕ್ಕಿದ ಹಾಗೆ.

ಇನ್ನೊಂದು ವಿಷಯ ನಾನು ಮರೆತೇಬಿಟ್ಟಿದ್ದೆ. ಮಹಡಿಯ ಲ್ಯಾಪ್‌ಟಾಪ್‌ನಿಂದ ಅಂಗಡಿ ಲೆಕ್ಕ ನೋಡಲು ಅನುಕೂಲವಾಗಲಿ ಎಂದು ಹಾಲ್ ಕಂಪ್ಯೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ (ಬೇರೆ ಕಂಪ್ಯೂಟರ್‌ನಿಂದ ಇದನ್ನು ನಡೆಸುವ ಸೌಲಭ್ಯ) ಆನ್ ಮಾಡಿದ್ದೆವು. ಅದರ ಪೋರ್ಟ್ 3389. ಮನೆಯೊಳಗೆ ತಾನೇ ಎಂದು ಪಾಸ್‌ವರ್ಡ್ ಆರು ಅಂಕಿಯದ್ದು ಇಟ್ಟಿದ್ದೆವು. ಎಷ್ಟು ಸಲ ತಪ್ಪಾಗಿ ಹಾಕಿದರೂ ಅದು ಲಾಕ್ ಆಗುತ್ತಿರಲಿಲ್ಲ.

"ನಮ್ಮಂಥವರ ಮನೆ ಯಾರು ಹುಡುಕಿಕೊಂಡು ಬರ್ತಾರೆ" ಎಂದು ನಿಮಗೆ ಅನ್ನಿಸಬಹುದು, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಆದರೆ ಯಾರೂ ನಮ್ಮನ್ನೇ ಹುಡುಕಬೇಕಾಗಿಲ್ಲ. ಹಳೆಯ ಮಾದರಿಯ ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ. 2013ರಲ್ಲೇ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದವರು ಝಡ್‌ಮ್ಯಾಪ್ ಎಂಬ ತಂತ್ರಾಂಶ ಬರೆದು, ಒಂದೇ ಕಂಪ್ಯೂಟರ್‌ನಿಂದ ಅಷ್ಟೂ ವಿಳಾಸಗಳ ಒಂದು ಪೋರ್ಟ್ ಅನ್ನು 45 ನಿಮಿಷದಲ್ಲಿ ತಟ್ಟಿ ನೋಡಬಹುದು ಎಂದು ತೋರಿಸಿದ್ದರು. ಕಳ್ಳರ ಯಂತ್ರಗಳೂ ಹೀಗೇ ಹಗಲೂ ರಾತ್ರಿ ಎಲ್ಲ ಬಾಗಿಲು ತಟ್ಟುತ್ತಲೇ ಇರುತ್ತವೆ. ಆಮೇಲೆ ನಮ್ಮ ಕಂಪ್ಯೂಟರ್‌ನ ಇವೆಂಟ್ ವ್ಯೂವರ್ ತೆಗೆದು ನೋಡಿದೆ. ತಪ್ಪು ಲಾಗಿನ್ ಆದಾಗಲೆಲ್ಲ ವಿಂಡೋಸ್ 4625 ಎಂಬ ಸಂಖ್ಯೆಯಲ್ಲಿ ದಾಖಲು ಮಾಡುತ್ತದೆ. ಡಿಎಂಜೆಡ್ ಆನ್ ಮಾಡಿದ ಸಂಜೆಯೇ ಅವು ಶುರುವಾಗಿದ್ದವು. ಪುಟ ಪುಟಗಳಷ್ಟು, ಒಂದರ ಹಿಂದೆ ಒಂದು.

ಶನಿವಾರ ತೆಗೆದ ಬಾಗಿಲು ಹಾಗೇ ಉಳಿಯಿತು. ಆಟ ಮುಗಿದ ಮೇಲೆ ಮುಚ್ಚಬೇಕು ಅಂತ ನೆನಪೇ ಆಗಲಿಲ್ಲ. ಬುಧವಾರ ಬೆಳಿಗ್ಗೆ ಹೆಂಡತಿ ಬಿಲ್ ಪ್ರಿಂಟ್ ಮಾಡಲು ಹೋದಳು. ಪ್ರತಿ ಫೈಲಿನ ಹೆಸರಿನ ಕೊನೆಗೂ ಅರ್ಥವಿಲ್ಲದ ಅಕ್ಷರಗಳು ಸೇರಿದ್ದವು. ಡೆಸ್ಕ್‌ಟಾಪ್‌ನಲ್ಲಿ ಬಿಟ್‌ಕಾಯಿನ್ ಕೇಳುವ ಒಂದು ಚೀಟಿ. ಯಾವಾಗಲೂ ಚುಚ್ಚಿಯೇ ಇಡುತ್ತಿದ್ದ ಬ್ಯಾಕಪ್ ಹಾರ್ಡ್ ಡಿಸ್ಕ್ ಕೂಡ ಲಾಕ್ ಆಗಿತ್ತು. ಮಗ ಅದನ್ನು ನೋಡಿ ಅತ್ತ. "ನನ್ನಿಂದ ಆಯ್ತಾ ಅಪ್ಪ?" ಎಂದ. ಇಲ್ಲ ಮಗ, ನಾನು ಮಾಡಿದ್ದು ಎಂದು ಕೂರಿಸಿಕೊಂಡು ಹೇಳಿದೆ. ಅವನದ್ದು ಏನೂ ತಪ್ಪಿರಲಿಲ್ಲ.

ನೆಟ್‌ವರ್ಕ್ ವೈರ್ ಕಿತ್ತೆ. ದುಡ್ಡು ಕೊಡಲಿಲ್ಲ, ಕೊಟ್ಟರೂ ಫೈಲ್ ವಾಪಸ್ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕಿದೆ. ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ ಮತ್ತು ನೆದರ್ಲೆಂಡ್ಸ್ ಪೊಲೀಸರು ಸೇರಿ 2016ರಲ್ಲಿ ಶುರು ಮಾಡಿದ ನೋ ಮೋರ್ ರಾನ್ಸಮ್ ಎಂಬ ತಾಣವಿದೆ. ಕೆಲವು ಬಗೆಯ ಲಾಕ್‌ಗಳಿಗೆ ಅಲ್ಲಿ ಬೀಗದ ಕೈ ಪುಕ್ಕಟೆ ಸಿಗುತ್ತದೆ. ಇಂಥದ್ದು ಆದವರು ಮೊದಲು ಅಲ್ಲಿ ನೋಡಿ. ನಮ್ಮದಕ್ಕೆ ಇರಲಿಲ್ಲ. ಅಂಗಡಿಯ ಲೆಕ್ಕವನ್ನು ಬಿಲ್ ಪುಸ್ತಕ ಇಟ್ಟುಕೊಂಡು ಮತ್ತೆ ಬರೆದೆವು. ಅಮ್ಮನ ಹಾಡುಗಳಲ್ಲಿ ಮೂರು ಅಕ್ಕನ ವಾಟ್ಸಾಪ್‌ನಲ್ಲಿ ಸಿಕ್ಕವು. ಉಳಿದ ಎಂಟು ಸಿಗಲಿಲ್ಲ.

ಹಾಗಂತ ಮನೆಯಲ್ಲಿ ಸರ್ವರ್ ಇಡಲೇಬೇಡಿ ಎನ್ನುತ್ತಿಲ್ಲ. ಈಗ ನಮ್ಮಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದು ಅದಕ್ಕೇ ಮೀಸಲು. ಅದರಲ್ಲಿ ಆಟ ಬಿಟ್ಟರೆ ಬೇರೇನೂ ಇಲ್ಲ. ರಿಸರ್ವೇಶನ್ ಮಾಡಿ, ಒಂದೇ ಒಂದು ಪೋರ್ಟ್ ತೆಗೆದಿದ್ದೇನೆ. ಫೈರ್‌ವಾಲ್ ಆನ್ ಇದೆ, ಅದರಲ್ಲೂ ಆ ಪೋರ್ಟ್‌ಗೆ ಮಾತ್ರ ದಾರಿ. ಮೈನ್‌ಕ್ರಾಫ್ಟ್‌ನ ವೈಟ್‌ಲಿಸ್ಟ್ ಆನ್ ಮಾಡಿ ಮೂರು ಮಕ್ಕಳ ಹೆಸರು ಮಾತ್ರ ಹಾಕಿದ್ದೇವೆ. ಆಡುವವರ ಖಾತೆ ಅಸಲಿಯೇ ಎಂದು ನೋಡುವ ಆನ್‌ಲೈನ್ ಮೋಡ್ ಅನ್ನು ಫಾಲ್ಸ್ (ಆಫ್) ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹಾಗೆ ಮಾಡಿದರೆ ಯಾರು ಬೇಕಾದರೂ ನಿಮ್ಮ ಮಗನ ಹೆಸರು ಹೇಳಿಕೊಂಡು ಒಳಗೆ ಬರಬಹುದು.

ಸರ್ವರ್ ಅನ್ನು ಅಪ್‌ಡೇಟ್ ಮಾಡುತ್ತಲೇ ಇರಬೇಕು. 2021ರ ಡಿಸೆಂಬರ್‌ನಲ್ಲಿ ಮೈನ್‌ಕ್ರಾಫ್ಟ್ ಜಾವಾ ಬಳಸುವ ಲಾಗ್‌ಫೋರ್‌ಜೆ ಎಂಬ ತಂತ್ರಾಂಶದ ದೋಷ ಹೊರಬಂದಾಗ, ಆಟದ ಚಾಟ್‌ನಲ್ಲಿ ಒಂದು ಸಾಲು ಬರೆದೇ ಸರ್ವರ್ ವಶಮಾಡಿಕೊಳ್ಳಬಹುದಿತ್ತು. 1.18.1 ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು. ಅಂದರೆ ಒಂದೇ ಕಿಟಕಿ ತೆಗೆದರೂ ಅದರ ಚಿಲಕ ನೋಡಿಕೊಳ್ಳಬೇಕು.

ಪೋರ್ಟ್ ತೆಗೆದಿದೆಯೋ ಇಲ್ಲವೋ ಎಂದು ಮನೆಯ ವೈಫೈನಿಂದ ಪರೀಕ್ಷೆ ಮಾಡಬೇಡಿ. ಒಳಗಿನಿಂದಲೇ ಹೊರ ವಿಳಾಸಕ್ಕೆ ಹೋಗಿ ವಾಪಸ್ ಬರಲು ಎಷ್ಟೋ ರೂಟರ್‌ಗಳು ಬಿಡುವುದಿಲ್ಲ. ಸೆಟ್ಟಿಂಗ್ ಸರಿಯಿದ್ದರೂ ಕೆಟ್ಟಿದೆ ಅನ್ನಿಸುತ್ತದೆ, ಆಮೇಲೆ ಸುಮ್ನೆ ಇನ್ನಷ್ಟು ಬಾಗಿಲು ತೆಗೆಯುತ್ತೀರಿ. ಮೊಬೈಲ್ ಡೇಟಾ ಹಾಕಿ ನೋಡಿ. ಎಲ್ಲಕ್ಕಿಂತ ಸುಲಭದ ದಾರಿ ಟೈಲ್‌ಸ್ಕೇಲ್ ಅಥವಾ ಝೀರೋಟೈರ್ ಥರದ್ದು, ಅಂದರೆ ದೂರದ ಕಂಪ್ಯೂಟರ್‌ಗಳನ್ನು ಒಂದೇ ಖಾಸಗಿ ನೆಟ್‌ವರ್ಕ್‌ಗೆ ಸೇರಿಸುವ ತಂತ್ರಾಂಶ. ಮೂರು ಮನೆಯಲ್ಲೂ ಅದನ್ನು ಹಾಕಿಕೊಂಡರೆ ರೂಟರ್ ಮುಟ್ಟುವುದೇ ಬೇಡ, ಸ್ಟ್ಯಾಟಿಕ್ ಐಪಿಗೆ ದುಡ್ಡೂ ಬೇಡ. ಮೊದಲೇ ಗೊತ್ತಿದ್ದರೆ ನಾನು ಅದನ್ನೇ ಮಾಡುತ್ತಿದ್ದೆ.

ರೂಟರ್‌ನ ಯುಪಿಎನ್‌ಪಿ ಕೂಡ ಆಫ್ ಮಾಡಿದ್ದೇನೆ. ಅದು ಆನ್ ಇದ್ದರೆ ಮನೆಯೊಳಗಿನ ಯಾವ ಪ್ರೋಗ್ರಾಂ ಬೇಕಾದರೂ ನಮ್ಮನ್ನು ಕೇಳದೆ ಪೋರ್ಟ್ ತೆಗೆಸಿಕೊಳ್ಳಬಹುದು. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಹೊರಗಿನಿಂದ ರೂಟರ್ ತೆರೆಯುವ ರಿಮೋಟ್ ಮ್ಯಾನೇಜ್‌ಮೆಂಟ್ ಮುಚ್ಚಿದ್ದೇನೆ. ಬ್ಯಾಕಪ್ ಡಿಸ್ಕ್ ಈಗ ಬೀರುವಿನಲ್ಲಿರುತ್ತದೆ. ಭಾನುವಾರ ಮಾತ್ರ ಚುಚ್ಚಿ, ಕಾಪಿ ಮಾಡಿ, ಕಿತ್ತಿಡುತ್ತೇನೆ.

ಈ ಯುಗಾದಿಗೆ ಹುಬ್ಬಳ್ಳಿಗೆ ಅಕ್ಕನ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಮನಸ್ಸು ತಡೆಯದೆ ಅವರ ರೂಟರ್ ತೆರೆದು ನೋಡಿದೆ. ಡಿಎಂಜೆಡ್ ಆನ್ ಇತ್ತು. "ಒಂದ್ ವಿಡಿಯೋದಾಗ ಹೇಳಿದ್ರು ಮಾಮಾ, ಒಂದ್ ವರ್ಷ ಆತು" ಎಂದ ಅಕ್ಕನ ಮಗ. ಭಾವನ ಆಫೀಸ್ ಕಾಗದಗಳೆಲ್ಲ ಅದೇ ಕಂಪ್ಯೂಟರ್‌ನಲ್ಲಿದ್ದವು. ಅವರ ಐಪಿ 100.72 ರಿಂದ ಶುರುವಾಗುತ್ತಿತ್ತು, ಆ ಹಂಚಿಕೆಯ ವಿಳಾಸವೇ ವರ್ಷಪೂರ್ತಿ ಅವರನ್ನು ಕಾದಿತ್ತು. ಮುಂದಿನ ತಿಂಗಳು ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳಬೇಕು ಎಂದು ಭಾವ ಆಪರೇಟರ್ ಹತ್ತಿರ ಆಗಲೇ ಮಾತಾಡಿದ್ದರು. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಡಿಎಂಜೆಡ್ ಅವನ ಕೈಯಿಂದಲೇ ಆಫ್ ಮಾಡಿಸಿದೆ.