ಲಕ್ಷದ್ವೀಪವೋ, ಅಂಡಮಾನೋ?

ಬೇಕಲ, ಕಣ್ವತೀರ್ಥದ ಬೀಚು ನೋಡಿ ನೋಡಿ ಬೇಜಾರಾಗಿ, ಈ ಸಲ ದ್ವೀಪಕ್ಕೇ ಹೋಗೋಣ ಎಂದು ಮಕ್ಕಳು ಹಟ ಹಿಡಿದಿದ್ದಾರಾ?

ಲಕ್ಷದ್ವೀಪ ಕಾಸರಗೋಡಿನವರಿಗೆ ಹಳೇ ನೆಂಟ. ಅಮಿನಿ, ಕಡಮತ್ ದ್ವೀಪಗಳೂ 1956ರವರೆಗೆ ನಮ್ಮ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಮಿನಿಕಾಯ್ ಬಿಟ್ಟರೆ ಅಲ್ಲಿನ ಮಾತು ಮಲಯಾಳದ್ದೇ ಒಂದು ಬಗೆ. ನಮಗೇನು ಕಷ್ಟ, ಅಲ್ವಾ? ಸಣ್ಣ ಮಕ್ಕಳಿದ್ದರೆ ಅಲ್ಲಿನ ಲಗೂನಿಗೆ, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರಿಗೆ, ಸಾಟಿಯಿಲ್ಲ. ಹವಳದ ದಿಬ್ಬ ದೊಡ್ಡ ಅಲೆಗಳನ್ನು ಆಚೆಯೇ ತಡೆಯುತ್ತದೆ. ಸೊಂಟದ ನೀರಿನಲ್ಲಿ ನಿಂತು ಬಗ್ಗಿದರೆ ಕಾಲ್ಬೆರಳೂ, ಪಕ್ಕದಲ್ಲೇ ಸುಳಿಯುವ ಮೀನೂ ಕಾಣುತ್ತವೆ. ಹವಳ ಕಾಲಿಗೆ ಕುಯ್ಯುತ್ತದೆ, ಚಪ್ಪಲಿ ಇರಲಿ. ಚಂದ ಇದೆಯೆಂದು ಚೀಲಕ್ಕೆ ಹಾಕಬೇಡಿ, ಅದು ಅಪರಾಧ.

ತಲೆನೋವು ಪರ್ಮಿಟ್‌ನದು. ಅದಿಲ್ಲದೆ ಹೋಗುವಂತಿಲ್ಲ. ಕೊಚ್ಚಿಯಿಂದ ಅಲ್ಲಿನ ಅಗತ್ತಿ ದ್ವೀಪಕ್ಕೆ ವಿಮಾನವಿದೆ. ಹಡಗಾದರೆ ಒಂದು ರಾತ್ರಿ ಪೂರ್ತಿ. ವಾಂತಿ ಬರುವವರು ಯೋಚಿಸಿ.

ಅಂಡಮಾನಿನಲ್ಲಿ ಪ್ರವಾಸಿಗರು ಹೋಗುವ ಮುಖ್ಯ ದ್ವೀಪಗಳಿಗೆ ನಮಗೆ ಪರ್ಮಿಟ್ ಬೇಡ. ಬೆಂಗಳೂರು, ಚೆನ್ನೈಯಿಂದ ಪೋರ್ಟ್ ಬ್ಲೇರ್‌ಗೆ, ಅಂದರೆ ಈಗಿನ ಶ್ರೀ ವಿಜಯಪುರಂಗೆ, ನೇರ ವಿಮಾನ. ಹೋಟೆಲುಗಳೂ ಜಾಸ್ತಿ. ಸೆಲ್ಯುಲರ್ ಜೈಲು ಅಜ್ಜಂದಿರಿಗೂ ಇಷ್ಟವಾಗುತ್ತದೆ. ಆದರೆ ಹ್ಯಾವ್‌ಲಾಕ್ ದ್ವೀಪಕ್ಕೆ ಮತ್ತೆ ದೋಣಿ ಹತ್ತಬೇಕು. ಕೆಲವು ಬೀಚುಗಳಲ್ಲಿ ಮೊಸಳೆ ಎಚ್ಚರಿಕೆಯ ಬೋರ್ಡಿದೆ, ಸುಮ್ನೆ ಹಾಕಿದ್ದಲ್ಲ. ಡಿಸೆಂಬರಿನಲ್ಲಿ ಸಂಜೆ 5ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ಬೇಗ ಎದ್ದರಷ್ಟೇ ದಿನ ಸಿಗುವುದು.

ಮಗು ಐದು ವರ್ಷದೊಳಗಿದ್ದರೆ ನಾನು ಕಡಮತ್ತಿಗೇ ಹೋಗುತ್ತೇನೆ. ಅಜ್ಜ ಅಜ್ಜಿಯೂ ಹೊರಟರೆ ಅಂಡಮಾನ್.