ದಾನದ ಹೆಸರಿನ ಲಡಾಖ್ ಬೈಕ್ ಯಾತ್ರೆ: ಹಣ ಕಟ್ಟುವ ಮೊದಲು ಇದನ್ನು ಓದಿ

ಲಡಾಖಿನ ಹಳ್ಳಿ ಶಾಲೆಗಳಿಗೂ ಆರೋಗ್ಯ ಉಪಕೇಂದ್ರಗಳಿಗೂ ನೆರವಾಗುವ ಯಾತ್ರೆಯೆಂದು ನಂಬಿ, 2024ರ ಜೂನ್‌ನಲ್ಲಿ ನಾನು ಬೆಂಗಳೂರಿನಿಂದ ಹೋಗಿ ಮೋಸಹೋದೆ. ಹೋದದ್ದು ನನ್ನ ಹಣ ಮಾತ್ರವಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಆದರೆ ಸಹೋದ್ಯೋಗಿಗಳಿಂದ, ಸೋದರತ್ತೆಯಿಂದ, ಕೊನೆಗೆ ನಮ್ಮ ಬೀದಿಯ ಔಷಧಿ ಅಂಗಡಿಯವರಿಂದಲೂ ಚಂದಾ ಎತ್ತಿದ್ದೆ.

ಯಾತ್ರೆಯ ಮೊತ್ತ 92,000 ರೂಪಾಯಿ, ಅದರಲ್ಲಿ 30,000 ದಾನ ಎಂದು ಆಯೋಜಕರು ಹೇಳಿದ್ದರು. ಇದಲ್ಲದೆ ಪ್ರತಿ ಸವಾರನೂ ಕನಿಷ್ಠ 20,000 ಸಂಗ್ರಹಿಸಬೇಕಿತ್ತು. ನಾನು 34,500 ಕೂಡಿಸಿದೆ. ಅದಕ್ಕೊಂದು ಪದಕವನ್ನೂ ಕೊಟ್ಟರು. ಈಗ ಅದನ್ನು ಕಂಡರೆ ಮೈ ಉರಿಯುತ್ತದೆ.

ಮನಾಲಿಯಲ್ಲಿ ಬಾಡಿಗೆಗೆ ಪಡೆದ ಬೈಕ್‌ಗಳನ್ನು ಲೇಹ್‌ನಿಂದ ಮುಂದೆ ಓಡಿಸಲು ಅಲ್ಲಿ ಬೈಕ್ ಬಾಡಿಗೆಗೆ ಕೊಡುವವರ ಒಕ್ಕೂಟ ಬಿಡುವುದಿಲ್ಲವೆಂಬುದು ಆ ಕಡೆ ಹೋಗಿಬಂದವರಿಗೆಲ್ಲ ಗೊತ್ತು. ನಾನು ಕೇಳಿದಾಗ, ಸೇವಾ ಯಾತ್ರೆಯಾದ್ದರಿಂದ ತಮಗೆ ವಿಶೇಷ ಅನುಮತಿ ಇದೆ ಎಂದರು. ಇರಲಿಲ್ಲ. ಲೇಹ್‌ನಲ್ಲಿ ನಮ್ಮ ಖರ್ಚಿನಲ್ಲೇ ಬೇರೆ ಬೈಕ್ ಹಿಡಿಯಬೇಕಾಯಿತು. ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಖರ್ದುಂಗ್ ಲಾ ಘಟ್ಟ ದಾಟಿ ನುಬ್ರಾ ಕಣಿವೆಗೆ ಇಳಿದ ಮೇಲೆ ಒಂದು ಹಳ್ಳಿಯ ಉಪಕೇಂದ್ರದಲ್ಲಿ ಹಸ್ತಾಂತರ ಕಾರ್ಯಕ್ರಮ ನಡೆಯಿತು. ಆಕ್ಸಿಮೀಟರ್‌ಗಳಿದ್ದ ಪೆಟ್ಟಿಗೆಯೊಂದನ್ನು ಅಲ್ಲಿನ ನರ್ಸಮ್ಮನ ಕೈಗಿಟ್ಟು, ಹಿಂದೆ ಬ್ಯಾನರ್ ಹಿಡಿದು, ಹತ್ತಾರು ಫೋಟೋ ತೆಗೆದರು. ಪೆಟ್ಟಿಗೆಯ ಒಂದು ಮೂಲೆ ಹರಿದಿತ್ತು, ಅದಕ್ಕೆ ಕಿತ್ತಳೆ ಬಣ್ಣದ ಟೇಪು ಸುತ್ತಿತ್ತು. ಆ ರಾತ್ರಿ ಅದೇ ಕಣಿವೆಯ ಹುಂಡರ್‌ನ ಡೇರೆಯಲ್ಲಿ ನಮ್ಮ ಆಮ್ಲಜನಕದ ಮಟ್ಟ ನೋಡಲು ಬ್ಯಾಕಪ್ ವಾಹನದಿಂದ ಪೆಟ್ಟಿಗೆ ಬಂತು. ಅದೇ ಹರಿದ ಮೂಲೆ, ಅದೇ ಕಿತ್ತಳೆ ಟೇಪು. ನನ್ನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದವನನ್ನೇ, "ಇದನ್ನು ಬೆಳಿಗ್ಗೆ ಕೊಟ್ಟಿರಲ್ಲವೇ?" ಎಂದು ಕೇಳಿದೆ.

"ಸರ್, ಅದು ಸಾಂಕೇತಿಕ ಹಸ್ತಾಂತರ. ನಿಜವಾದ ಸಾಮಗ್ರಿ ಆಮೇಲೆ ಕೊರಿಯರ್‌ನಲ್ಲಿ ಹೋಗುತ್ತದೆ."

ಸಾಂಕೇತಿಕವಂತೆ! ಆ ನರ್ಸಮ್ಮ ನಮಗೆಲ್ಲ ಚಹಾ ಮಾಡಿಕೊಟ್ಟಿದ್ದರು.

ಊರಿಗೆ ಮರಳಿ ರಶೀದಿ ಕೇಳಿದೆ. ಬಂದದ್ದು ದಾನದ ರಶೀದಿಯಲ್ಲ, ಪೂರ್ತಿ 92,000ಕ್ಕೂ ಪ್ರವಾಸ ಪ್ಯಾಕೇಜ್ ಎಂದು ಶೇ. 5 ಜಿಎಸ್‌ಟಿ ಹಾಕಿದ ಬಿಲ್ಲು. ದಾನಕ್ಕೆ ಜಿಎಸ್‌ಟಿ ಎಲ್ಲಿಂದ ಬಂತು ಎಂದರೆ, "ಅದು ಲೆಕ್ಕಪತ್ರದ ಅನುಕೂಲಕ್ಕೆ" ಎಂದರು. ದಾನಕ್ಕೆ ಸಿಗುವ 80ಜಿ ಆದಾಯ ತೆರಿಗೆ ವಿನಾಯಿತಿಗೆ ಬೇಕಿದ್ದ 10ಬಿಇ ಪ್ರಮಾಣಪತ್ರ ಎಲ್ಲಿ ಎಂದು ಮೂರು ಸಲ ಬರೆದೆ. "ಸೇವೆ ಮಾಡುವವರು ತೆರಿಗೆ ಉಳಿಸುವ ಲೆಕ್ಕ ಹಾಕುವುದಿಲ್ಲ ಸರ್" ಎಂಬ ಉತ್ತರ ಬಂತು. ನಾನು ಎತ್ತಿದ 34,500ರ ಬಗ್ಗೆ ಕೇಳಿದ ದಿನ ವಾಟ್ಸ್‌ಆ್ಯಪ್ ಗುಂಪಿನಿಂದಲೇ ತೆಗೆದುಹಾಕಿದರು.

ನಿಜವಾಗಿ ಕೆಲಸ ಮಾಡುವ ಯಾತ್ರೆಗಳೂ ಇರಬಹುದು. ಇದ್ದರೆ ಅವರಿಗೆ ಲೆಕ್ಕ ಕೊಡಲು ಕಷ್ಟವಾಗಬಾರದು. ಹೋಗಲೇಬೇಕೆಂದಿದ್ದರೆ ದಾನದ ಪಾಲನ್ನು ಆಯೋಜಕರ ಕೈಗೆ ಕೊಡಬೇಡಿ, ನೋಂದಾಯಿತ ಸೇವಾ ಸಂಸ್ಥೆಯ ಖಾತೆಗೆ ನೀವೇ ನೇರವಾಗಿ ಹಾಕಿ. ನಿಮ್ಮ ಹೆಸರಿನ ಮೇಲೆ ಚಂದಾ ಎತ್ತಲು ಹೇಳುವವರನ್ನಂತೂ ಹತ್ತಿರ ಸೇರಿಸಬೇಡಿ.

ಸಹೋದ್ಯೋಗಿಗಳ ಹಣವನ್ನು ಸಂಬಳದಿಂದ ತಿಂಗಳಿಗಿಷ್ಟೆಂದು ಹಿಂದಿರುಗಿಸುತ್ತಿದ್ದೇನೆ. ಅತ್ತೆಗೆ ಇನ್ನೂ ಹೇಳಿಲ್ಲ. ಆ ಪೆಟ್ಟಿಗೆಯ ಫೋಟೋ ಅವರ ಮನೆಯ ಫ್ರಿಜ್ ಮೇಲಿದೆ.