ಮಂಗಳವಾರದ ಕಟಿಂಗ್ ಶಾಪ್: ನನ್ನ ಕಡೆಯಿಂದ ನಾಲ್ಕು ಸ್ಟಾರ್

ಮಂಗಳವಾರ ಕಟಿಂಗ್ ಶಾಪಿಗೆ ಹೋಗುವ ಮನೆ ಮೈಸೂರಲ್ಲಿ ನಮ್ಮದೊಂದೇ ಇರಬೇಕು. "ಮಂಗಳವಾರ ತಲೆಗೆ ಕತ್ತರಿ ಹಾಕಿಸ್ತಾರೇನ್ರೀ?" ಅಂತ ನಮ್ಮ ಮನೆಯವಳು ಮೊದಲ ಸಲ ಒಂದಿಡೀ ದಿನ ಮಾತು ಬಿಟ್ಟಿದ್ದಳು. ಈಗ ಅವಳೇ ಸೋಮವಾರ ರಾತ್ರಿ ನನ್ನ ಹಳೇ ಪಂಚೆ ಮಡಚಿ ಚೀಲದಲ್ಲಿ ಇಡುತ್ತಾಳೆ. ಪಂಚೆ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊಮ್ಮಗನಿಗೆ 9 ವರ್ಷ. ಆಟಿಸಂ ಇದೆ. ಮಾತು ಕಮ್ಮಿ, ಕಿವಿ ಜಾಸ್ತಿ. ನಮಗೆ ಕೇಳಿಸದ ಟ್ಯೂಬ್‌ಲೈಟಿನ ಗುಂಯ್ ಸದ್ದು ಅವನಿಗೆ ಕೇಳಿಸುತ್ತದೆ. ಇನ್ನು ಟ್ರಿಮ್ಮರ್ ಕಿವಿ ಪಕ್ಕ ಬಂದರೆ ಹೇಗಿರಬೇಡ? ಹಿಂದೆ ಒಂದು ಎಸಿ ಸಲೂನಿಗೆ ಹೋಗಿದ್ದೆವು. ಇಬ್ಬರು ಅದುಮಿ ಹಿಡಿದರು, ಒಬ್ಬ ಮಶೀನ್ ಓಡಿಸಿದ. ಅರ್ಧ ತಲೆ ಆಗುವಷ್ಟರಲ್ಲಿ ಹುಡುಗ ಬಿಡಿಸಿಕೊಂಡು ರಸ್ತೆಗೆ ಓಡಿದ. "ಎರಡು ಬಿಟ್ರೆ ಸರಿಹೋಗ್ತಾನೆ" ಅಂದರು ಪಕ್ಕದ ಕುರ್ಚಿಯವರು. ನನಗೆ ಸಿಟ್ಟು ಬರಬೇಕಿತ್ತು, ನಾಚಿಕೆ ಬಂತು. 31 ವರ್ಷ ಕಂಡಕ್ಟರ್ ಆಗಿದ್ದವನು ನಾನು. ಬಸ್ಸಲ್ಲಿ ಮಗು ಕಿರುಚಿದರೆ ತಾಯಂದಿರಿಗೆ ಇದೇ ಮಾತು ಹೇಳಿದ್ದೇನೆ.

ಆಮೇಲೆ ಒಂದು ವರ್ಷ ಅವನು ಮಲಗಿದ್ದಾಗ ಸೊಸೆಯೇ ಕೂದಲು ಕತ್ತರಿಸಿದಳು. ಈ ವಾರ ಎಡಗಡೆ, ಮಗ್ಗುಲು ಬದಲಿಸಿದರೆ ಮುಂದಿನ ವಾರ ಬಲಗಡೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ, ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡೂ ಮಾಡಿಸಿದ್ದೇವೆ. ಆದರೆ ಕಾರ್ಡ್ ತೋರಿಸಿದರೆ ಟ್ರಿಮ್ಮರ್ ಸುಮ್ಮನಾಗುತ್ತಾ?

ಈ ಅಂಗಡಿ ನಮ್ಮ ಬೀದಿ ತಿರುವಿನಲ್ಲೇ ಇದೆ. ಎರಡೇ ಕುರ್ಚಿ. "ಹೆಸರು ಹಾಕ್ಬೇಡಿ ಸಾರ್, ಆಮೇಲೆ ಮಂಗಳವಾರನೂ ರಜ ಇಲ್ದಂಗಾಗುತ್ತೆ" ಅಂದಿದ್ದಾರೆ ಅಂಗಡಿಯವರು, ಹಾಕುವುದಿಲ್ಲ. ಶೇವಿಂಗಿಗೆ ಕೂತಾಗ ನಾನು ಸುಮ್ನೆ ಕಷ್ಟ ಹೇಳಿಕೊಂಡಿದ್ದೆ. "ಮಂಗಳವಾರ ಬನ್ನಿ. ಯಾರೂ ಇರಲ್ಲ, ಟಿವಿನೂ ಇರಲ್ಲ. ಕಟಿಂಗ್ ಬೇಡ, ಅಂಗಡಿ ನೋಡ್ಕೊಂಡು ಹೋಗ್ಲಿ" ಅಂದರು.

ಮೊದಲ ಮಂಗಳವಾರ ಹುಡುಗ ಅರ್ಧ ಎತ್ತಿದ ಶಟರ್ ಹೊರಗೇ ನಿಂತ. ಎರಡನೇದು, ಕುರ್ಚಿ ಮೇಲೆ ಕೂತು ಗಿರಗಿರ ತಿರುಗಿದ. ಮೂರನೇದು, ಬಾಚಣಿಗೆ ಕೈಯಲ್ಲಿ ಹಿಡಿದ. ಅಷ್ಟೇ. ಮೂರು ವಾರವೂ ದುಡ್ಡು ತಗೊಳ್ಳಲಿಲ್ಲ. ಈ ನಡುವೆ ಇಲ್ಲಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನ ಸ್ಪೀಚ್ ಥೆರಪಿ ಮೇಡಂ ಹೇಳಿದಂತೆ ಶಟರ್, ಕುರ್ಚಿ, ಬಟ್ಟೆ, ಕತ್ತರಿ, ಮನೆ, ಹೀಗೆ ಸಾಲಾಗಿ ಫೋಟೋ ತೆಗೆದು ಅಂಟಿಸಿದೆವು. ಸೋಮವಾರ ರಾತ್ರಿ ಅದನ್ನೇ ನೋಡುತ್ತಾನೆ. ಮುಂದೇನು ಅಂತ ಗೊತ್ತಿದ್ದರೆ ಅವನಿಗೆ ಅರ್ಧ ಭಯ ಕಮ್ಮಿ. ಅಂಗಡಿಯ ನೈಲಾನ್ ಬಟ್ಟೆ ಬರಬರ ಅನ್ನುತ್ತದೆ, ಅದಕ್ಕೇ ನನ್ನ ಪಂಚೆ. ನೀರಿನ ಸ್ಪ್ರೇ ಇಲ್ಲ, ಒದ್ದೆ ಕೈಯಲ್ಲಿ ಸವರುತ್ತಾರೆ.

ಕೂದಲು ಕತ್ತರಿಸಿದ್ದು ನಾಲ್ಕನೇ ಮಂಗಳವಾರ. ಮೊಮ್ಮಗನಿಗೆ ಬಸ್ಸು ಅಂದರೆ ಪ್ರಾಣ ಅಂತ ನಾನೇ ಹೇಳಿದ್ದೆ. ಅವರು ಕತ್ತರಿ ಎತ್ತಿ ಹಿಡಿದು "ಶ್ರೀರಂಗಪಟ್ಟಣ" ಅಂದರು. ಹುಡುಗ ಕನ್ನಡಿಯಲ್ಲಿ ಕತ್ತರಿಯನ್ನೇ ನೋಡಿದ. ಸ್ವಲ್ಪ ಹೊತ್ತು ಬಿಟ್ಟು "ರೈಟ್" ಅಂದ. ಕಚಕ್. "ಮಂಡ್ಯ." "ರೈಟ್." ಕಚಕ್. ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ, ಕೆಂಗೇರಿ. ಬೆಂಗಳೂರು ಮುಟ್ಟಿದರೂ ಒಂದು ಕಿವಿಯ ಸುತ್ತವೂ ಮುಗಿದಿರಲಿಲ್ಲ. ವಾಪಸ್ ಬಂದರು, ಮತ್ತೆ ಹೋದರು. ಒಂದು ಕಟಿಂಗಿಗೆ ಎಷ್ಟು ಟ್ರಿಪ್ ಅಂತ ನಾನು ಲೆಕ್ಕ ಇಟ್ಟಿಲ್ಲ, ಎಲ್ಲಾ ಕಡೆ ನಿಲ್ಲುವ ಬಸ್ಸು ನೋಡಿ. ರೈಟ್ ಅನ್ನದೆ ಕತ್ತರಿ ಮುಚ್ಚುವುದಿಲ್ಲ.

ಕೊರತೆ ಇಲ್ಲ ಅಂತಲ್ಲ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಮಶೀನ್ ಮುಟ್ಟದ ಕಾರಣ ಕತ್ತಿನ ಹಿಂದಿನ ಗೆರೆ ಸೊಟ್ಟ, "ಇಲಿ ಕಚ್ಚಿದಂಗಿದೆ" ಅಂತಾನೆ ನನ್ನ ಮಗ. ಒಂದು ಸ್ಟಾರ್ ಅದಕ್ಕೇ ಕಮ್ಮಿ. ಒಂದು ದಿನ ಯಾರೋ ಶಟರ್ ಕೆಳಗೆ ಬಗ್ಗಿ "ಶೇವಿಂಗ್ ಮಾಡ್ತೀರಾ?" ಅಂತ ಜೋರಾಗಿ ಕೂಗಿದರು. ಹುಡುಗ ಕುರ್ಚಿ ಬಿಟ್ಟಿಳಿದ, ಅವತ್ತಿನ ಕಥೆ ಮುಗೀತು. ಹೊರಗೆ ಚಪ್ಪಲಿ ಕಂಡರೆ ಅಂಗಡಿ ತೆರೆದಿದೆ ಅಂದ್ಕೋತಾರೆ, ಅದಕ್ಕೇ ಈಗ ಒಳಗೇ ಬಿಡುತ್ತೇವೆ. ಬೇರೆ ದಿನ ಮಕ್ಕಳಿಗೆ 100 ರೂಪಾಯಿ, ಮಂಗಳವಾರ ನಮಗೆ 150. ರಜೆ ದಿನದ ದುಡಿಮೆ, ನ್ಯಾಯವೇ.

ಹೋದ ಮಂಗಳವಾರ ಅವರಿಗೆ ಎಲ್ಲೋ ಮದುವೆಗೆ ಹೋಗುವ ಅವಸರ. "ಮಂಡ್ಯ" ಆಯಿತು, "ಚನ್ನಪಟ್ಟಣ" ಅಂದರು. ಹುಡುಗ ಸುಮ್ಮನಿದ್ದ. ಕತ್ತರಿ ಬಾಯಿ ತೆರೆದುಕೊಂಡೇ ನಿಂತಿತು. "ಏನಾಯ್ತು ಪುಟ್ಟಾ, ನೋವಾಯ್ತಾ?" ಉತ್ತರ ಇಲ್ಲ. ನನಗೆ ಗೊತ್ತಾಯಿತು. "ಮದ್ದೂರು ಬಿಟ್ರಲ್ಲಪ್ಪಾ" ಅಂದೆ.

"ಅಯ್ಯೋ, ಮದ್ದೂರು!"

"ರೈಟ್" ಅಂದ.